ಹ್ಯಾಂಗ್ ಗ್ಲೈಡರ್‌ಗೆ ಮೋಟರ್: ಬ್ಯಾಟರಿ ಲೆಕ್ಕ ಹೀಗೆ ಹಾಕಿ

ಕಲಬುರಗಿ ಸುತ್ತ ಬಹುತೇಕ ಬಯಲು. ಓಡಿ ಜಿಗಿಯಲು ಗುಡ್ಡ ಸಿಗದ ಕಡೆ ಹ್ಯಾಂಗ್ ಗ್ಲೈಡರ್‌ಗೆ, ಅಂದರೆ ಮನುಷ್ಯ ಕೆಳಗೆ ತೂಗಿಕೊಂಡು ಹಾರುವ ಬಟ್ಟೆಯ ರೆಕ್ಕೆಗೆ, ಮೋಟರ್ ಬೇಕು. ಆದರೆ ಬ್ಯಾಟರಿ ಕೊಳ್ಳುವಾಗ ಜನ ‘ಎಷ್ಟು ಹೊತ್ತು ಬರುತ್ತೆ’ ಅಂತಷ್ಟೇ ಕೇಳುತ್ತಾರೆ. ಎಷ್ಟು ಕರೆಂಟ್ ಕೊಡುತ್ತೆ ಅಂತ ಕೇಳುವುದೇ ಇಲ್ಲ.

ಮೊದಲು ತೂಕ. ನೀವು, ರೆಕ್ಕೆ, ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಪಟ್ಟಿ), ಮೋಟರ್, ಬ್ಯಾಟರಿ, ನೀರಿನ ಬಾಟಲಿ ಎಲ್ಲಾ ಸೇರಿಸಿ. ಅಂದಾಜು ಬೇಡ, ಅಡತಿ ಅಂಗಡಿಯಲ್ಲಿ ತೊಗರಿ ಚೀಲ ತೂಗುವ ಕಾಟಾದ ಮೇಲೆ ಇಟ್ಟು ನೋಡಿ. 130 ಕೆಜಿ ಅಂತಿಟ್ಟುಕೊಳ್ಳೋಣ.

ಆಮೇಲೆ ಪವರ್. ಮೋಟರ್ ಆಫ್ ಇದ್ದಾಗ ಗ್ಲೈಡರ್ ಸೆಕೆಂಡಿಗೆ ಸುಮಾರು 1.1 ಮೀಟರ್ ಇಳಿಯುತ್ತೆ. ಸೆಕೆಂಡಿಗೆ 1 ಮೀಟರ್ ಏರಬೇಕು ಅಂದರೆ ಎರಡೂ ಕೂಡಿಸಿ 2.1. ಇದನ್ನು 130 ಮತ್ತು 9.8ರಿಂದ ಗುಣಿಸಿದರೆ ಸುಮಾರು 2,700 ವ್ಯಾಟ್. ಪ್ರೊಪೆಲ್ಲರ್, ಮೋಟರ್, ಮೋಟರ್ ವೇಗ ನಿಯಂತ್ರಿಸುವ ಕಂಟ್ರೋಲರ್ ಸೇರಿ ಅರ್ಧದ ಹತ್ತಿರ ನುಂಗುತ್ತವೆ. ಹಾಗಾಗಿ ಬ್ಯಾಟರಿಯಿಂದ 4,900 ವ್ಯಾಟ್ ಎಳೆಯಬೇಕು. 300 ಮೀಟರ್ ಏರಲು 5 ನಿಮಿಷ, ಅಂದರೆ 0.4 ಯೂನಿಟ್. ಎರಡು ಸಲ ಏರಲು 0.8, ಮೂರರಲ್ಲಿ ಒಂದು ಪಾಲು ಉಳಿಕೆ ಇಟ್ಟರೆ 1.2 ಯೂನಿಟ್. ತೇಲುವಾಗ ಖರ್ಚಿಲ್ಲ.

ಎಡವುವುದು ಇಲ್ಲೇ. 14 ಸೆಲ್ ಸಾಲಾಗಿ ಜೋಡಿಸಿದರೆ ಸುಮಾರು 50 ವೋಲ್ಟ್. 4,900 ವ್ಯಾಟ್‌ಗೆ 98 ಆಂಪಿಯರ್ ಆಯಿತು, ಅದೂ ಬಿಡದೆ 5 ನಿಮಿಷ. ಸ್ಕೂಟರ್‌ಗೆ ಹಾಕುವ 5 ಆಂಪಿಯರ್-ಗಂಟೆಯ 21700 (21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ) ಸೆಲ್‌ಗಳಲ್ಲಿ ಬಹಳಷ್ಟು ಬಿಡದೆ ಕೊಡುವುದು 10 ಆಂಪಿಯರ್ ಆಸುಪಾಸು. ಅಂಥ 6 ಸಾಲು ಪಕ್ಕಪಕ್ಕ ಇಟ್ಟರೂ 60 ಮಾತ್ರ, ವೋಲ್ಟೇಜ್ ಕುಸಿಯುತ್ತೆ, ಸೆಲ್ ಕಾಯುತ್ತೆ, ಕೊನೆಗೆ ಪ್ಯಾಕ್ ಹಾಳಾಗದಂತೆ ನೋಡಿಕೊಳ್ಳುವ ಸರ್ಕ್ಯೂಟ್ (ಬಿಎಂಎಸ್) ತಾನೇ ಕರೆಂಟ್ ಕಡಿದುಬಿಡುತ್ತೆ. ನೆಲದಿಂದ 20 ಮೀಟರ್ ಮೇಲೆ ಹಾಗಾದರೆ ಇಳಿಯಲು ಜಾಗ ಹುಡುಕುವಷ್ಟೂ ಸಮಯ ಇರಲ್ಲ. 25 ಆಂಪಿಯರ್ ತಾಳುವ 4 ಆಂಪಿಯರ್-ಗಂಟೆಯ ಸೆಲ್ಲೇ ತಗೊಳ್ಳಿ. 14ರಂತೆ 6 ಸಾಲು, ಅಂದರೆ 84 ಸೆಲ್‌ಗೆ 1.2 ಯೂನಿಟ್ ಸಿಗುತ್ತೆ, ಸೆಲ್‌ಗಳ ತೂಕ 6 ಕೆಜಿ ಒಳಗೆ, ಒಂದೊಂದರ ಮೇಲೂ ಬೀಳುವುದು 16 ಆಂಪಿಯರ್ ಅಷ್ಟೇ. ಬರೀ ಸ್ಟಿಕ್ಕರ್ ಅಂಟಿಸಿ ಅಗ್ಗಕ್ಕೆ ಮಾರುವ ಪ್ಯಾಕ್ ಮುಟ್ಟಲೇಬೇಡಿ. ಯಾವ ಸೆಲ್ ಅಂತ ಹೇಳದವರ ಹತ್ತಿರ ವ್ಯಾಪಾರ ಬೇಡ.

ಇನ್ನು ನಮ್ಮ ಬಿಸಿಲು. 42 ಡಿಗ್ರಿಯಲ್ಲಿ ಇಲ್ಲಿನ ಗಾಳಿ ತೆಳುವಾಗಿ, ಸಮುದ್ರಮಟ್ಟದ 15 ಡಿಗ್ರಿ ಲೆಕ್ಕಕ್ಕಿಂತ ಇಳಿಯುವ ವೇಗ 7% ಆಸುಪಾಸು ಜಾಸ್ತಿ ಆಗುತ್ತೆ. ಏರುವಾಗ ಸೆಲ್ 10–15 ಡಿಗ್ರಿ ಕಾಯಬಹುದು. ಬಹುತೇಕ ಸೆಲ್‌ಗಳಿಗೆ 60 ಡಿಗ್ರಿ ಹತ್ತಿರವೇ ಜಾಗರೂಕತೆಯ ಗೆರೆ. ಕಾರಿನ ಡಿಕ್ಕಿಯಲ್ಲಿ ಬೆಂದ ಪ್ಯಾಕ್ ಕಟ್ಟಿಕೊಂಡು ಹೊರಡಬೇಡಿ. ಮೇ ತಿಂಗಳಲ್ಲಿ ಬೆಳಿಗ್ಗೆ 8ರೊಳಗೆ ಮುಗಿಸಿ.

ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಅನುಮತಿ ಮೊದಲೇ ನೋಡಿಕೊಳ್ಳಿ. ಬೀದರ್‌ನಲ್ಲಿ ವಾಯುಪಡೆ ನೆಲೆ ಇದೆ, ಕಲಬುರಗಿಯಲ್ಲಿ 2019ರಲ್ಲಿ ಶುರುವಾದ ವಿಮಾನ ನಿಲ್ದಾಣ ಇದೆ.

ಹಾರುವ ಮುಂಚೆ ಮೋಟರನ್ನು ನೆಲದಲ್ಲಿ ಬಿಗಿಯಾಗಿ ಕಟ್ಟಿ, ಪ್ರೊಪೆಲ್ಲರ್ ಹತ್ತಿರ ಯಾರನ್ನೂ ಬಿಡದೆ, 5 ನಿಮಿಷ ಅದೇ 4,900 ವ್ಯಾಟ್‌ನಲ್ಲಿ ಓಡಿಸಿ. ತುಂಬಿದ ಪ್ಯಾಕ್ 45 ವೋಲ್ಟ್‌ಗಿಂತ ಕೆಳಗಿಳಿದರೆ ಅದು ಬೇಡ. ಸೆಲ್ ಜಾಸ್ತಿ ಹಾಕಿದರೆ ತೂಕವೂ ಏರುತ್ತೆ, ಮತ್ತೆ ಕಾಟಾದಿಂದಲೇ ಲೆಕ್ಕ ಶುರು ಮಾಡಿ.