ವಾಲಿದ ಚೈನ್‌ಲಿಂಕ್ ಬೇಲಿ: ಮೂಲೆ ಕಂಬ ಸರಿಮಾಡಿದ ಬಗೆ

ಮಲ್ಪೆಯಂಥ ಕಡಲ ಬದಿಯಲ್ಲಿ ಬೇಲಿಯ ಕಬ್ಬಿಣದ ಕಂಬ ಮೊದಲು ತುಕ್ಕು ತಿನ್ನುವುದು ನೆಲಮಟ್ಟದಲ್ಲೇ. ಕಾಂಕ್ರೀಟಿನ ತಲೆ ಚಪ್ಪಟೆಯಿದ್ದರೆ ಮಳೆನೀರು ಬುಡದಲ್ಲಿ ನಿಲ್ಲುತ್ತದೆ. ಉಳಿದದ್ದನ್ನು ಉಪ್ಪುಗಾಳಿ ನೋಡಿಕೊಳ್ಳುತ್ತದೆ. ಇಲ್ಲಿ ವಾಲಿದ್ದು ಮೂಲೆ ಕಂಬ ಮಾತ್ರ. ಜಾಲರಿಯ ಎಳೆತವೆಲ್ಲ ಬೀಳುವುದು ಅದರ ಮೇಲೇ. ಓರೆ ಆಸರೆ ಇರಲಿಲ್ಲ, ಗುಂಡಿಯೂ ಒಂದೇ ಅಡಿ. ನಡುವಿನ ಕಂಬಗಳನ್ನು ಮುಟ್ಟಬೇಕಾಗಲಿಲ್ಲ.

ಜಾಲರಿ ಸಡಿಲಿಸಿ ಹಳೆಯ ಕಂಬ ಕಿತ್ತು, 8 ಅಡಿಯ ಆರ್‌ಸಿಸಿ ಕಂಬ ನಿಲ್ಲಿಸಿದೆ: 2 ಅಡಿ ಒಳಗೆ, 6 ಅಡಿ ಮೇಲೆ. ಮುರಕಲ್ಲಿನ ನೆಲಕ್ಕೆ ಇಷ್ಟು ಸಾಕು. ಹೊಯಿಗೆ (ಮರಳು) ನೆಲವಾದರೆ ಇನ್ನರ್ಧ ಅಡಿ ಹೆಚ್ಚು ಆಳ, ಕಂಬವೂ ಅರ್ಧ ಅಡಿ ಹೆಚ್ಚು ಉದ್ದ ಬೇಕು. 1:2:4 ಕಾಂಕ್ರೀಟು (ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ), ತಲೆ ಸುತ್ತಲೂ ಹೊರಕ್ಕೆ ಇಳಿಜಾರು. ಬೇಲಿ ಸಾಗುವ ಎರಡೂ ದಿಕ್ಕಿಗೆ ಒಂದೊಂದು ಓರೆ ಆಸರೆ. 7 ದಿನ ನೀರು ಹಾಕಿ ಆಮೇಲೆಯೇ ಜಾಲರಿ ಬಿಗಿದದ್ದು. ಮೇಸ್ತ್ರಿಗಳು ಮರುದಿನವೇ ಎಳೆಯಲು ನೋಡುತ್ತಾರೆ, ಬಿಡಬೇಡಿ. ಹಸಿ ಕಾಂಕ್ರೀಟಿನಲ್ಲಿ ಕಂಬ ಮತ್ತೆ ವಾಲುತ್ತದೆ.

ಹೊಸ ಜಾಲರಿ ಪಿವಿಸಿ ಲೇಪನದ್ದು. ಮೇಲೆ, ನಡುವೆ, ಕೆಳಗೆ ಜಿಐ (ಸತು ಲೇಪಿಸಿದ) ತಂತಿ, ಬಿಗಿಯಲು ಟರ್ನ್‌ಬಕಲ್, ಅಂದರೆ ತಿರುಗಿಸಿ ತಂತಿ ಎಳೆಯುವ ತಿರುಪು. ಕತ್ತರಿಸಿದ ತುದಿಗಳಿಗೆ ಝಿಂಕ್ ಪೈಂಟ್ ತಪ್ಪಿಸಬೇಡಿ, ತುಕ್ಕು ಲೇಪನದೊಳಗೆ ನುಗ್ಗುವುದು ಅಲ್ಲಿಂದಲೇ. ಮಳೆಗಾಲ ಮುಗಿದೊಡನೆ ಬಳ್ಳಿ ಕಿತ್ತು ಟರ್ನ್‌ಬಕಲ್‌ಗೆ ಗ್ರೀಸ್ ಹಚ್ಚಿ.