ಮೃಗಶಿರ ಮಳೆ ಹಿಡಿಯುವ ಮುನ್ನ ಬ್ಯಾಟರಿಯ ಆರೈಕೆ

ಹೊಸನಗರದ ಕಡೆ ಒಂಟಿ ಮನೆಗಳಲ್ಲಿರುವ ನಮ್ಮಂಥವರು ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಕೇಳುವುದೇ ವ್ಯರ್ಥ. ಕಾಡಿನೊಳಗೆ ಎಲ್ಲೋ ತಂತಿಯ ಮೇಲೆ ಮರ ಬಿದ್ದಿರುತ್ತದೆ. ಲೈನ್‌ಮನ್ ಇಂಬಳ ಕಚ್ಚಿಸಿಕೊಳ್ಳುತ್ತ ಅದನ್ನು ಹುಡುಕಬೇಕು. ಅವರನ್ನು ಬೈಯುವವರು ಒಮ್ಮೆ ಜೊತೆಯಲ್ಲಿ ಹೋಗಿ ಬರಲಿ. ನನ್ನ ತಯಾರಿಯನ್ನು ನಾನು ಮೇ ತಿಂಗಳಲ್ಲೇ ಮುಗಿಸುತ್ತೇನೆ.

ಮನೆಯ ಇನ್ವರ್ಟರಿಗೆ ಇರುವುದು 12 ವೋಲ್ಟ್, 150 ಆಂಪಿಯರ್ ಅವರ್‌ನ, ಸೀಸ-ಆಮ್ಲದ ಟ್ಯೂಬುಲರ್ ಬ್ಯಾಟರಿ. ಗುಣಿಸಿದರೆ 1,800 ವ್ಯಾಟ್ ಅವರ್. ಅದು ಕಾಗದದ ಲೆಕ್ಕ. ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಆಯಸ್ಸು ಕುಗ್ಗುತ್ತದೆ, ಇನ್ವರ್ಟರ್ ಕೂಡ ತನ್ನ ಪಾಲು ತಿನ್ನುತ್ತದೆ. ಕೊನೆಗೆ ಕೈಗೆ ಸಿಗುವುದು 700ರ ಆಸುಪಾಸು. ಮೂರು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜು, ರೂಟರ್ ಎಲ್ಲ ಸೇರಿ 50 ವ್ಯಾಟ್ ಎನ್ನಿ. ಸಂಜೆ ನಾಲ್ಕು ಗಂಟೆಯಂತೆ ಮೂರು ದಿನ ದೂಡಬಹುದು. ಹಳೆಯ ಮಾದರಿಯ ಒಂದು ಫ್ಯಾನೇ 75 ವ್ಯಾಟ್ ಎಳೆಯುತ್ತದೆ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಫ್ಯಾನ್ ಯಾರಿಗೆ ಬೇಕು? ಫ್ರಿಜ್ಜು, ಮಿಕ್ಸಿ, ಪಂಪುಗಳಿಗೆ ಇನ್ವರ್ಟರಿನ ಲೈನನ್ನೇ ಎಳೆಸಿಲ್ಲ. ಚಟ್ನಿಗೆ ಒರಳುಕಲ್ಲು ಇದೆ. ಸುಮ್ಮನಿದ್ದರೂ ಇನ್ವರ್ಟರ್ ಒಂದಿಷ್ಟು ಕರೆಂಟು ನುಂಗುವುದರಿಂದ ಮಲಗುವಾಗ ಅದನ್ನೂ ಆರಿಸುತ್ತೇನೆ.

ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ಕಿಟಕಿ ತೆರೆದು ಆರು ಮುಚ್ಚಳಗಳನ್ನೂ ಬಿಚ್ಚುತ್ತೇನೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವ ವಸ್ತು ಅದು. ಬೀಡಿ, ಬೆಂಕಿಕಡ್ಡಿ ಆ ಕೋಣೆಗೇ ಬರಕೂಡದು. ಟಾರ್ಚ್ ಬಿಟ್ಟು ನೋಡಿ, ಮಟ್ಟ ಇಳಿದಿದ್ದರೆ ಮೇಲಿನ ಗುರುತಿನವರೆಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತೇನೆ. ಚಾರ್ಜ್‌ಗೆ ಮೊದಲೇ ತುಂಬಿಸಿದರೆ ದ್ರಾವಣ ಉಬ್ಬಿ ಆಮ್ಲ ಹೊರಗೆ ಚೆಲ್ಲುತ್ತದೆ. ಸೂರಿನ ನೀರು ಹಿಡಿದು ಹಾಕುವವರಿದ್ದಾರೆ. ಅಷ್ಟು ದುಡ್ಡು ಕೊಟ್ಟ ಬ್ಯಾಟರಿಗೆ ಇಂಥ ಜಿಪುಣತನ ಏಕೋ! ನೀರು ಹಾಕುವ ಮೊದಲೇ, ದ್ರಾವಣದ ಸಾಂದ್ರತೆ ತೋರಿಸುವ ಹೈಡ್ರೋಮೀಟರಿನಲ್ಲಿ ಪ್ರತಿ ಕೋಶದ ಅಳತೆ ತೆಗೆದಿರುತ್ತೇನೆ. ಐದು 1.240ರ ಬಳಿ ಇದ್ದು ಒಂದು ಮಾತ್ರ ತೀರಾ ಕೆಳಗೆ ನಿಂತರೆ ಆ ಕೋಶ ಸೋಲುತ್ತಿದೆ ಎಂದರ್ಥ. ಮಳೆ ಬರುವ ಮೊದಲೇ ಅಂಗಡಿಗೆ ಹೊರಡಬೇಕು. ಟರ್ಮಿನಲ್ಲಿನಲ್ಲಿ ಕಟ್ಟಿದ ಹಸಿರು-ಬಿಳಿ ಪುಡಿಯನ್ನು, ತಂತಿ ಕಳಚಿಟ್ಟು, ಅಡುಗೆ ಸೋಡಾದ ನೀರಿನಿಂದ ತೊಳೆದು, ಒರೆಸಿ, ವ್ಯಾಸಲೀನ್ ಸವರುತ್ತೇನೆ. ಸೋಡಾ ನೀರಿನ ಒಂದು ಹನಿಯೂ ಕೋಶದೊಳಗೆ ಇಳಿಯಬಾರದು.

ಟಾರ್ಚ್ ಸೆಲ್ಲುಗಳಿಗೆ ಅಷ್ಟು ಉಪಚಾರ ಬೇಡ. ಆಲ್ಕಲೈನ್ ಸೆಲ್ಲುಗಳನ್ನು ಅವುಗಳ ಪೊಟ್ಟಣದಲ್ಲೇ, ಬಚ್ಚಲ ಒಲೆಯಿಂದ ದೂರವಿರುವ ಒಣ ಡಬ್ಬದಲ್ಲಿ ಇಡುತ್ತೇನೆ. ಫ್ರಿಜ್ಜಿನಲ್ಲಿಟ್ಟರೆ ತೇವ ಹಿಡಿಯುತ್ತದೆ. ಬಳಸದ ಟಾರ್ಚಿನೊಳಗೆ ಸೆಲ್ ಬಿಡುವುದಿಲ್ಲ; ಸೋರಿದರೆ ಸ್ಪ್ರಿಂಗೇ ತಿಂದುಹೋಗುತ್ತದೆ. ಹಳೆಯದಕ್ಕೆ ಹೊಸದನ್ನು ಜೋಡಿ ಮಾಡುವುದೂ ಇಲ್ಲ.

ಪವರ್ ಬ್ಯಾಂಕ್ ಮಳೆಗಾಲದಲ್ಲಿ ತುಂಬಿಯೇ ಇರುತ್ತದೆ. ದೀಪಾವಳಿ ಕಳೆದ ಮೇಲೆ ಅರ್ಧ ಚಾರ್ಜಿನಲ್ಲಿ ತಂಪು ಜಾಗಕ್ಕೆ ಹೋಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಇನ್ವರ್ಟರ್ ಬ್ಯಾಟರಿಗೆ ಆ ವಿನಾಯಿತಿ ಇಲ್ಲ: ಸೀಸದ ಬ್ಯಾಟರಿ ಅರೆಹೊಟ್ಟೆಯಲ್ಲಿ ಕುಳಿತರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಊರಿಗೆ ಹೋದರೂ ಅದರ ಚಾರ್ಜಿಂಗ್ ಸ್ವಿಚ್ಚನ್ನು ಆರಿಸದೆ ಹೋಗುತ್ತೇನೆ.