ದೊಡ್ಡಮ್ಮನ ಕೊರೋನ: ಹದಿನಾಲ್ಕು ದಿನ ಶುಗರ್ ಕಾದ ಕತೆ

"ಎಪ್ಪತ್ತನಾಲ್ಕು ವರ್ಷ, ಮೇಲಿಂದ ಶುಗರ್. ಮನೆಯಲ್ಲೇ ಇಟ್ಕೊಳ್ತಾನಂತೆ. ತಲೆ ಸಮ ಉಂಟಾ ಇವನಿಗೆ?" ಬೊಂಬಾಯಿಯ ಭಾವ ಹೀಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. 2021ರ ಮೇ ಮೊದಲ ವಾರ. ಕಟಪಾಡಿಯಲ್ಲಿ ಬೆಳಿಗ್ಗೆ ಹತ್ತಾದರೆ ಅಂಗಡಿ ಬಂದ್, ಉಡುಪಿಯಲ್ಲಿ ಬೆಡ್ ಬೇಕಾದರೆ ಹತ್ತು ಕಡೆ ಫೋನ್.

ದೊಡ್ಡಮ್ಮನದ್ದು ಒಂದೇ ಹಠ, "ಮಾಣಿ, ಆಸ್ಪತ್ರೆಗೆ ಮಾತ್ರ ಹಾಕ್ಬೇಡ." ಹಠಕ್ಕೆ ಸೋತು ನಾನು ಒಪ್ಪಿದ್ದಲ್ಲ. ಆಕ್ಸಿಜನ್ 96 ಇತ್ತು, ಒಂದು ಡೋಸ್ ಕೋವಿಶೀಲ್ಡ್ ಆಗಿತ್ತು, ನಮ್ಮ ಡಾಕ್ಟರು ದಿನಕ್ಕೆರಡು ಸಲ ಫೋನಿಗೆ ಸಿಗ್ತೇನೆ ಅಂದಿದ್ದರು. 94ಕ್ಕಿಂತ ಕೆಳಗೆ ಇಳಿದರೆ ಚರ್ಚೆಯಿಲ್ಲದೆ ಹೊರಡುವುದೆಂದು ಮೊದಲೇ ಮಾತಾಗಿತ್ತು. ರಿಕ್ಷಾದವನಿಗೂ ಹೇಳಿಟ್ಟಿದ್ದೆ.

ಮೊದಲ ಪೆಟ್ಟು ಬಿದ್ದದ್ದು ಅಡುಗೆಮನೆಯಿಂದ. ನಾಲ್ಕನೇ ದಿನ ಶುಗರ್ 380 ಚಿಲ್ಲರೆ. ಇನ್ಸುಲಿನ್ ಹಾಳಾಯಿತೋ ಅಂತ ಹೊಸ ಬಾಟ್ಲಿ ತಂದೆ, ಶುಗರ್ ಮೀಟರಿನ ಸ್ಟ್ರಿಪ್ ಥಂಡಿ ಹಿಡಿಯಿತೋ ಅಂತ ಹೊಸ ಡಬ್ಬಿ ಒಡೆದೆ. ಅದೇ ಸಂಖ್ಯೆ. ಸಂಜೆ ನೋಡಿದರೆ ಅಕ್ಕ ಗಂಟೆಗೊಮ್ಮೆ ಅಮೃತಬಳ್ಳಿ ಕಷಾಯ ಕುಡಿಸುತ್ತಿದ್ದಳು, ಲೋಟಕ್ಕೊಂದು ಅಚ್ಚು ಬೆಲ್ಲ! ಮೇಲಿಂದ ಸುಸ್ತಿಗೆಂದು ಎರಡು ಬೊಂಡ, ಅಂದರೆ ಎಳನೀರು. ಕೆಮ್ಮಿನ ಸಿರಪ್ಪೂ ಸಕ್ಕರೆಯದ್ದೇ. ಮೂರನ್ನೂ ನಿಲ್ಲಿಸಿದ ಮರುದಿನ 240.

ಎರಡನೇ ತಪ್ಪು ನನ್ನದೇ. ಇನ್ಸುಲಿನ್ ಚುಚ್ಚಿ ಆಮೇಲೆ ಗಂಜಿ ಕೊಡುವುದು ನಮ್ಮ ಹಳೆ ರೂಢಿ. ಬಾಯಿ ರುಚಿ ಹೋದವಳು ಎರಡು ಚಮಚ ಉಂಡು ಬಟ್ಟಲು ದೂಡಿದಳು. ರಾತ್ರಿ ಮೂರಕ್ಕೆ ಮೈಯೆಲ್ಲ ಬೆವರು, ಮೀಟರಿನಲ್ಲಿ 62. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿದೆ, ಕಾಲು ಗಂಟೆ ಬಿಟ್ಟು ಪುನಃ ನೋಡಿದೆ. ಆ ಕಾಲು ಗಂಟೆ ಮರೆಯುವಂಥದ್ದಲ್ಲ. ಬೆಳಿಗ್ಗೆ ಡಾಕ್ಟರು ಬೇಗ ಹಿಡಿಯುವ ಇನ್ಸುಲಿನ್‌ಗೆ ಬದಲಿಸಿ, ಉಂಡಷ್ಟು ನೋಡಿ ಉಂಡ ಕೂಡಲೇ ಕೊಡಿ ಎಂದರು. ಎಷ್ಟು ಉಂಡರೆ ಎಷ್ಟು ಯೂನಿಟ್ ಎಂದು ಅವರೇ ಬರೆಸಿದ ಚೀಟಿ ಫ್ರಿಜ್ಜಿನ ಮೇಲೆ. ಅಲ್ಲಿಂದ ಮುಂದೆ 140–180ರ ಒಳಗೇ ಓಡಿತು, ಒಂದೆರಡು ಸಲ ಬಿಟ್ಟು. ಶುಗರನ್ನು ಮೂತ್ರದಲ್ಲಿ ಕಳಿಸುವ ಮಾತ್ರೆಯನ್ನು ಅವರು ಮೊದಲ ದಿನವೇ ನಿಲ್ಲಿಸಿದ್ದರು.

ಸ್ಟೀರಾಯ್ಡ್ ಮಾತು ಬೇರೆ. ಐದನೇ ದಿನಕ್ಕೆ ಮೂರು ಕಡೆಯಿಂದ ವಾಟ್ಸಾಪಿನಲ್ಲಿ ಒಂದೇ ಚೀಟಿ, ಡೆಕ್ಸಾಮೆಥಾಸೋನ್ ಶುರು ಮಾಡಿ ಅಂತ. 2020ರ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಅದರಿಂದ ಉಪಕಾರ ಕಂಡದ್ದು ಆಕ್ಸಿಜನ್ ಬೇಕಾದವರಿಗೆ, ಬೇಡದವರಿಗೆ ಅಲ್ಲ. ಶುಗರಿನವರಿಗಂತೂ ಕೊಟ್ಟ ದಿನವೇ ಮೀಟರ್ ಹಾರುತ್ತದೆ. ಡಾಕ್ಟರು ಬೇಡ ಅಂದರು, ನಾನು ಹಿಡಿದು ನಿಂತೆ. ಆ ತಿಂಗಳ ಕೊನೆಗೆ ಪೇಪರಿನ ತುಂಬ ಕಪ್ಪು ಶಿಲೀಂಧ್ರ, ಸ್ಟೀರಾಯ್ಡ್ ತೆಗೆದುಕೊಂಡ ಶುಗರಿನವರಿಗೇ ಹೆಚ್ಚು. ಭಾವ ಆಮೇಲೆ ಆ ವಿಷಯ ಎತ್ತಲಿಲ್ಲ.

ಆಕ್ಸಿಮೀಟರ್ ಒಂದು ಸಲ ಸರೀ ಹೆದರಿಸಿತು. ಎಂಟನೇ ದಿನ 88. ರಿಕ್ಷಾ ಅಂಗಳಕ್ಕೇ ಬಂತು. ಕೈ ತೊಳೆದು ಬಂದವಳ ಒದ್ದೆ, ತಣ್ಣಗಿನ ಬೆರಳಿಗೆ ಸಿಕ್ಕಿಸಿದ್ದೆ! ಒರೆಸಿ, ಉಜ್ಜಿ, ಬೇರೆ ಬೆರಳಿಗೆ ಹಾಕಿ ಒಂದು ನಿಮಿಷ ಕಾದರೆ 95. ಆದರೂ ಜಗಲಿಯಲ್ಲಿ ಆರು ನಿಮಿಷ ನಡೆಸಿ ನೋಡಿದೆ, 94ಕ್ಕೆ ನಿಂತಿತು. ರಿಕ್ಷಾದವನಿಗೆ ಚಾ ಕೊಟ್ಟು ಕಳಿಸಿದೆ. ಆಕ್ಸಿಜನ್ ಏರಲಿ ಎಂದು ಕವುಚಿ ಮಲಗು ಅಂದರೆ ಕೇಳುವ ಜನ ಅಲ್ಲ ದೊಡ್ಡಮ್ಮ, ಹೇಗೆ ಮಲಗಿಸಿದೆ ಅನ್ನುವುದು ನನ್ನ ಗುಟ್ಟು. ಟಿವಿ ಇಡುವ ಜಾಗಕ್ಕೆ ಸಂಬಂಧ ಉಂಟು, ಅಷ್ಟು ಸಾಕು.

ಶುಗರ್ ನೋಡಲು ಹೇಗೂ ಬೆರಳು ಚುಚ್ಚುವುದೇ ಅಲ್ಲವೇ ಅಂತ ಊಟದ ಪರೀಕ್ಷೆಯನ್ನೂ ಮಾಡಿದೆ. ಬರೀ ಕುಚ್ಚಲಕ್ಕಿ ಗಂಜಿ ಉಂಡು ಎರಡು ಗಂಟೆಗೆ 210ರ ಹತ್ತಿರ. ಗಂಜಿ ಅರ್ಧ ಮಾಡಿ ಹೆಸರುಕಾಳು ಬೇಯಿಸಿ ಹಾಕಿದಾಗ 170. ರಸ್ಕ್ ತಿಂದ ದಿನ 250 ದಾಟಿತು, ಜ್ವರದವರಿಗೆ ರಸ್ಕ್ ಒಳ್ಳೆಯದೆಂದು ಯಾರು ಹೇಳಿದರೋ. ಒಂದೆಲಗದ ತಂಬುಳಿಯಿಂದ ಮೀಟರಿನಲ್ಲಿ ಏನೂ ಆಗಲಿಲ್ಲ, ಆದರೆ ಅದಿದ್ದರೆ ಎರಡು ಸೌಟು ಹೆಚ್ಚು ಉಣ್ಣುತ್ತಿದ್ದಳು.

ಮೇ 15ಕ್ಕೆ ತೌಕ್ತೆ ಚಂಡಮಾರುತ ಬಂತು. ಕಡಲು ಉಕ್ಕಿತು, ನಮ್ಮಲ್ಲಿ ಎರಡು ದಿನ ಕರೆಂಟಿಲ್ಲ. ಇನ್ಸುಲಿನ್ನನ್ನು ಮಣ್ಣಿನ ಕುಡಿಕೆಯಲ್ಲಿಟ್ಟು ಸುತ್ತ ಒದ್ದೆ ಬಟ್ಟೆ ಸುತ್ತಿದೆ. ಕರೆಂಟಿನಲ್ಲೇ ಓಡುವ ಆಕ್ಸಿಜನ್ ಯಂತ್ರ ಬಾಡಿಗೆಗೆ ತಾ ಎಂದು ಒತ್ತಾಯಿಸಿದವರು ಆ ಎರಡು ದಿನ ಫೋನೇ ಮಾಡಲಿಲ್ಲ.

ಖರ್ಚು ನೆನಪಿದ್ದಷ್ಟು: ಆಕ್ಸಿಮೀಟರ್ 2,300 (ಹಿಂದಿನ ವರ್ಷ ಅದೇ 900), ಸ್ಟ್ರಿಪ್ ಎರಡು ಡಬ್ಬಿ ಸೇರಿ ಎರಡು ಸಾವಿರದ ಮೇಲೆ, ಮನೆಗೇ ಬಂದು ರಕ್ತ ತೆಗೆದದ್ದಕ್ಕೆ ಎರಡು ಸಲ ಸೇರಿ ಐದು ಸಾವಿರ. ಇನ್ಸುಲಿನ್, ಡಾಕ್ಟರ ಫೀಸು ಎಲ್ಲ ಹಿಡಿದು ಹನ್ನೆರಡು ಸಾವಿರ ದಾಟಿರಲಿಕ್ಕಿಲ್ಲ.

ಹದಿನೈದನೇ ದಿನ ದೊಡ್ಡಮ್ಮ ತಾನೇ ಎದ್ದು ಅಡುಗೆಮನೆಗೆ ಹೋದಳು. ಏನೆಂದು ಇಣುಕಿದರೆ ಬೆಲ್ಲದ ಡಬ್ಬಿ ಹುಡುಕುತ್ತಿದ್ದಳು. ಅದು ಆಗಲೇ ಪಕ್ಕದ ಮನೆ ಸೇರಿ ಹತ್ತು ದಿನವಾಗಿತ್ತು.